ಒಣ ಲೇನಿಗೆ ಬೌಲಿಂಗ್ ಚೆಂಡಿನ ಆಯ್ಕೆ

ಟೆನ್‌ಪಿನ್ ಬೌಲಿಂಗ್ ಆಟದಲ್ಲಿ ಎಣ್ಣೆಯ ಲೇಪ ತೆಳುವಾಗಿರುವ, ಅಲ್ಲಲ್ಲಿ ಅಳಿಸಿಹೋಗಿರುವ ಅಥವಾ ಬೇಗನೆ ಮುಗಿದುಬಿಡುವ ಲೇನನ್ನು ಒಣ ಲೇನ್ ಎನ್ನುತ್ತಾರೆ. ಇಂಥ ಲೇನಿನಲ್ಲಿ ಚೆಂಡಿಗೆ ಹಿಡಿತ ಹೆಚ್ಚು. ಹಾಗಾಗಿ ಅದು ಬೇಗ ತಿರುಗುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ, ಇಲ್ಲವೇ ದಾರಿಯಲ್ಲೇ ಶಕ್ತಿ ಕಳೆದುಕೊಂಡು ಪಿನ್‌ಗಳ ಬಳಿ ಸಪ್ಪೆಯಾಗಿ ಬರುತ್ತದೆ. ಈ ಹಿಡಿತವನ್ನು ಹದಕ್ಕೆ ತರಬಲ್ಲ ಚೆಂಡನ್ನು ಆರಿಸುವಾಗ ನೋಡಬೇಕಾದವು ನಾಲ್ಕು: ಹೊರಪದರದ ವಸ್ತು, ಅದರ ಮೇಲ್ಮೈ, ಒಳಗಿನ ಕೋರ್, ಬೆರಳುತೂತುಗಳ ಜಾಗ. ಮಹತ್ವದ ಅನುಕ್ರಮವೂ ಬಹುಮಟ್ಟಿಗೆ ಇದೇ. ಆದರೆ ಈ ನಾಲ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಲೇನ್ ಒಣಗಿರುವುದು ಎಲ್ಲಿ? ಮುಂಭಾಗದಲ್ಲೋ, ಪಿನ್‌ಗಳ ಕಡೆಗೋ? ಇದಕ್ಕೆ ಉತ್ತರ ಸಿಗುವ ಮೊದಲೇ ಕೊಂಡ ಚೆಂಡು ಎಷ್ಟೋ ಸಲ ಚೀಲದಲ್ಲೇ ಉಳಿಯುತ್ತದೆ.

ಲೇನ್ ಮತ್ತು ಎಣ್ಣೆ

ಫೌಲ್ ಲೈನಿನಿಂದ ಮೊದಲ ಪಿನ್‌ಗೆ 60 ಅಡಿ ದೂರ. ಲೇನಿನ ಅಗಲ ಸುಮಾರು 41.5 ಅಂಗುಲ; ಅದನ್ನು 39 ಉದ್ದನೆಯ ಪಟ್ಟಿಗಳಾಗಿ ಎಣಿಸುತ್ತಾರೆ. ಹಳೆಯ ಮರದ ಲೇನ್‌ಗಳಲ್ಲಿ ಚೆಂಡು ಬೀಳುವ ಮೊದಲ 15 ಅಡಿಗೆ ಗಟ್ಟಿಯಾದ ಮೇಪಲ್ ಮರವನ್ನೂ ಅದರಾಚೆಗೆ ಮೆದುವಾದ ಪೈನ್ ಮರವನ್ನೂ ಬಳಸುತ್ತಿದ್ದರು. ಎಣ್ಣೆ ಹಚ್ಚುವ ರೂಢಿ ಹುಟ್ಟಿದ್ದು ಈ ಮರವನ್ನೂ ಅದರ ಮೆರುಗನ್ನೂ ಕಾಪಾಡಲು. ಇಂದಿನ ಹೆಚ್ಚಿನ ಲೇನ್‌ಗಳು ಕೃತಕ ಹಲಗೆಯವು, ಎಣ್ಣೆ ಹಚ್ಚುವುದು ಯಂತ್ರ. ಈಗ ಎಣ್ಣೆ ಆಟದ ಸ್ವರೂಪವನ್ನೇ ನಿರ್ಧರಿಸುತ್ತದೆ. ಸಾಮಾನ್ಯ ಕೇಂದ್ರಗಳಲ್ಲಿ ಸುಮಾರು 40 ಅಡಿಯವರೆಗೆ ಎಣ್ಣೆ ಇರುತ್ತದೆ. ಅದು ಮಧ್ಯದಲ್ಲಿ ದಪ್ಪ, ಎರಡೂ ಅಂಚುಗಳ ಕಡೆ ತೆಳು. ಕೊನೆಯ 20 ಅಡಿಗೆ ಎಣ್ಣೆ ಹಚ್ಚುವುದಿಲ್ಲ.

ಈ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಒಂದೆಡೆ ನಿಲ್ಲುವುದೂ ಇಲ್ಲ. ಪ್ರತಿ ಎಸೆತದಲ್ಲೂ ಚೆಂಡು ಒಂದಿಷ್ಟನ್ನು ಹೀರುತ್ತದೆ, ಒಂದಿಷ್ಟನ್ನು ಮುಂದಕ್ಕೆ ಒಯ್ಯುತ್ತದೆ. ಎಲ್ಲರೂ ಒಂದೇ ದಾರಿಯಲ್ಲಿ ಎಸೆದರೆ ಆ ದಾರಿ ಮೊದಲು ಒಣಗುತ್ತದೆ. ಪೌಡರ್ ಸರಿದುಹೋದ ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ತಡೆಯುವ ಹಾಗೆಯೇ ಇಲ್ಲಿಯೂ. ಘರ್ಷಣೆಯ ಈ ವ್ಯತ್ಯಾಸ ಸಣ್ಣದಲ್ಲ. ಚೆಂಡು ಏಕೆ ತಿರುಗುತ್ತದೆ ಎಂಬುದನ್ನು 2004ರಲ್ಲಿ ಗಣಿತದಿಂದ ವಿವರಿಸಿದ ಭೂಭೌತ ವಿಜ್ಞಾನಿ ಕ್ಲಿಫ್ ಫ್ರೋಲಿಕ್, ಎಣ್ಣೆಯ ಭಾಗಕ್ಕೆ ಸುಮಾರು 0.04, ಒಣ ಭಾಗಕ್ಕೆ ಸುಮಾರು 0.2 ಎಂಬ ಘರ್ಷಣಾಂಕಗಳನ್ನು ಬಳಸಿದ್ದಾರೆ. ಅಂದರೆ ಐದು ಪಟ್ಟು ಅಂತರ.

ಚೆಂಡಿನ ಪಯಣದಲ್ಲಿ ಮೂರು ಹಂತಗಳಿವೆ. ಮೊದಲು ಅದು ಜಾರುತ್ತದೆ, ಬಳಿಕ ಹಿಡಿತ ಸಿಕ್ಕಿ ತಿರುಗುತ್ತದೆ (ಇದೇ ಹುಕ್), ಕೊನೆಗೆ ನೇರವಾಗಿ ಉರುಳುತ್ತದೆ. ಪಿನ್‌ಗೆ ತಾಗುವ ಸ್ವಲ್ಪ ಮೊದಲಷ್ಟೇ ಉರುಳುವ ಹಂತ ಬಂದರೆ ಸರಿ. ಪಾಕೆಟ್‌ಗೆ, ಅಂದರೆ ಮೊದಲ ಪಿನ್‌ಗೂ ಅದರ ಪಕ್ಕದ ಪಿನ್‌ಗೂ ನಡುವಿನ ಜಾಗಕ್ಕೆ, ಸುಮಾರು 6 ಡಿಗ್ರಿ ಕೋನದಲ್ಲಿ ಹೊಕ್ಕ ಚೆಂಡಿಗೆ ಸ್ಟ್ರೈಕ್ (ಒಂದೇ ಎಸೆತಕ್ಕೆ ಎಲ್ಲ ಪಿನ್‌ಗಳೂ ಉರುಳುವುದು) ಸಾಧ್ಯತೆ ಹೆಚ್ಚು. ಒಣ ಲೇನ್ ಜಾರುವ ಹಂತವನ್ನು ಮೊಟಕುಗೊಳಿಸುತ್ತದೆ. ಉಳಿದೆರಡೂ ಹಂತಗಳು ಫೌಲ್ ಲೈನಿನ ಕಡೆಗೆ ಸರಿಯುತ್ತವೆ.

ಎರಡು ಬಗೆಯ ಒಣತನ

ಮುಂಭಾಗ ಒಣಗಿದ್ದರೆ ಚೆಂಡು ಜಾರಬೇಕಾದಲ್ಲೇ ಹಿಡಿತಕ್ಕೆ ಸಿಕ್ಕಿ, ಅರ್ಧ ದಾರಿಯಲ್ಲೇ ಉರುಳತೊಡಗುತ್ತದೆ. ಉರುಳತೊಡಗಿದ ಚೆಂಡು ಮತ್ತೆ ತಿರುಗುವುದಿಲ್ಲ. ಬಲಗೈ ಆಟಗಾರನಿಗೆ ಇದರ ಗುರುತು ಪಿನ್‌ಗಳಲ್ಲೇ ಸಿಗುತ್ತದೆ. ಪಾಕೆಟ್‌ಗೆ ತಾಗಿದರೂ 10ನೆಯ ಪಿನ್ ಕದಲದೆ ನಿಲ್ಲುತ್ತದೆ, ಅದರ ಮುಂದಿನ 6ನೆಯ ಪಿನ್ ಪಕ್ಕದ ಗಟಾರದೊಳಗೆ ಸೋತು ಮಲಗಿರುತ್ತದೆ. ಕೆಲವೊಮ್ಮೆ 5ನೆಯ ಪಿನ್ ಒಂದೇ ನಿಂತಿರುತ್ತದೆ, 8 ಮತ್ತು 10ನೆಯ ಪಿನ್‌ಗಳು ದೂರ ದೂರ ನಿಂತುಬಿಡುವ ಒಡಕೂ (ಸ್ಪ್ಲಿಟ್) ಉಳಿಯುವುದುಂಟು. ಚೆಂಡು ದುರ್ಬಲವಾಯಿತೆಂದು ಭಾವಿಸಿ ಇನ್ನೂ ಜೋರಾಗಿ ತಿರುಗುವ ಚೆಂಡನ್ನು ಕೈಗೆತ್ತಿಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಆ ಚೆಂಡು ಇನ್ನೂ ಬೇಗ ಸೋಲುತ್ತದೆ.

ಹಿಂಭಾಗ ಮಾತ್ರ ಒಣಗಿದ್ದರೆ ಲಕ್ಷಣ ಬೇರೆ. ಮುಂದೆ ಎಣ್ಣೆ ಇರುವುದರಿಂದ ಚೆಂಡು ಚೆನ್ನಾಗಿ ಜಾರುತ್ತದೆ, ಎಣ್ಣೆ ಮುಗಿದೊಡನೆ ಥಟ್ಟನೆ ಎಡಕ್ಕೆ ಹೊರಳಿ ಮೊದಲ ಪಿನ್‌ನ ನಡುಮುಖಕ್ಕೇ ಬಡಿಯುತ್ತದೆ. ಆಗ ಉಳಿಯುವುದು 4ನೆಯ ಪಿನ್, ಇಲ್ಲವೇ ಎರಡೂ ಬದಿಗೆ ಸೀಳಿದ 4–6–7–10ರಂಥ ಕಷ್ಟದ ಒಡಕು. ಎಣ್ಣೆಯ ಉದ್ದ ಉದ್ದೇಶಪೂರ್ವಕವಾಗಿಯೇ ಕಡಿಮೆ ಇರುವ ಸ್ಪರ್ಧೆಗಳೂ ಇವೆ. ಅಮೆರಿಕದ ವೃತ್ತಿಪರ ಸಂಘ ಪಿಬಿಎಯ ಚೀತಾ ಎಂಬ ವಿನ್ಯಾಸದಲ್ಲಿ ಎಣ್ಣೆಯ ಉದ್ದ 35 ಅಡಿಯ ಆಸುಪಾಸು. ಅದೇ ಸಂಘದ ಬ್ಯಾಜರ್ ವಿನ್ಯಾಸದಲ್ಲಿ 52 ಅಡಿ. ಎಣ್ಣೆಯ ಉದ್ದದಿಂದ 31 ಕಳೆದರೆ ಚೆಂಡು ಎಷ್ಟನೆಯ ಪಟ್ಟಿಯ ಬಳಿ ಎಣ್ಣೆಯಿಂದ ಹೊರಬರಬೇಕೆಂದು ತಿಳಿಯುತ್ತದೆ ಎಂಬುದು ಆಟಗಾರರ ಲೆಕ್ಕ. 35 ಅಡಿಗೆ ಅದು 4ನೆಯ ಪಟ್ಟಿ, ಅಂದರೆ ಗಟಾರದ ಅಂಚು.

ಮೊದಲನೆಯ ಒಣತನಕ್ಕೆ ಬೇಕಾದದ್ದು ಮುಂಭಾಗವನ್ನು ತಡೆಯಿಲ್ಲದೆ ದಾಟುವ ಚೆಂಡು. ಎರಡನೆಯದಕ್ಕೆ ಬೇಕಾದದ್ದು ಹಿಂಭಾಗದಲ್ಲಿ ನಯವಾಗಿ ಬಾಗುವ ಚೆಂಡು. ಎರಡನ್ನೂ ಸಮನಾಗಿ ನಿಭಾಯಿಸುವ ಚೆಂಡು ಅಪರೂಪ.

ಹೊರಪದರ

ಹೊರಪದರದ ಚರಿತ್ರೆ ಬಹುತೇಕ ಹಿಡಿತವನ್ನು ಹೆಚ್ಚಿಸಿಕೊಳ್ಳುವ ಚರಿತ್ರೆ. ಮರದ ಚೆಂಡಿನ ಬಳಿಕ 20ನೆಯ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರ್ ಬಂತು, ಆಮೇಲೆ ಪಾಲಿಯೆಸ್ಟರ್, 1980ರ ದಶಕದ ಆರಂಭದಲ್ಲಿ ಯುರೇಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ಅಮೆರಿಕನ್ ಆಟಗಾರ ಪಾಲಿಯೆಸ್ಟರ್ ಚೆಂಡನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಸಿ ಮೆದು ಮಾಡಿಕೊಂಡು ಆಡಿ, ಆ ಒಂದೇ ವರ್ಷ ಆರು ಪಿಬಿಎ ಪ್ರಶಸ್ತಿ ಗೆದ್ದರು. ಆಗ ಅದಕ್ಕೆ ನಿಯಮದ ಅಡ್ಡಿ ಇರಲಿಲ್ಲ. ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿ ಬಂದದ್ದು ಇದರ ಬೆನ್ನಿಗೆ. ಆ ಮಿತಿ ಇಂದಿಗೂ ಜೀವಂತ ವಿಷಯ: ಅಮೆರಿಕದ ಆಡಳಿತ ಸಂಸ್ಥೆ ಯುಎಸ್‌ಬಿಸಿ 2022ರಲ್ಲಿ, 2016 ಮತ್ತು 2017ರಲ್ಲಿ ತಯಾರಾದ ಪರ್ಪಲ್ ಹ್ಯಾಮರ್ ಯುರೇಥೇನ್ ಚೆಂಡುಗಳನ್ನು ಮೆದುತನದ ಕಾರಣಕ್ಕೆ ತನ್ನ ರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಟ್ಟಿತು. ಮೆದುವಾದರೆ ಹಿಡಿತ, ಗಡಸಾದರೆ ಜಾರಿಕೆ ಎಂಬ ಈ ಸೂತ್ರವನ್ನು ಒಣ ಲೇನಿನ ಆಟಗಾರ ತಿರುಗಿಸಿ ಓದಬೇಕು.

ಪಾಲಿಯೆಸ್ಟರ್ ಗಡಸು, ಎಣ್ಣೆ ಹೀರುವುದಿಲ್ಲ, ಅತಿ ಕಡಿಮೆ ತಿರುಗುತ್ತದೆ. ಬೆಂಗಳೂರಿನ ಮಾಲ್ ಇರಲಿ, ಅಮೆರಿಕದ ಊರಿರಲಿ, ಕೇಂದ್ರದವರು ಆಡಲು ಕೊಡುವ ಬಣ್ಣಬಣ್ಣದ ಚೆಂಡುಗಳು ಹೆಚ್ಚಾಗಿ ಇವೇ. ಕೊಲಂಬಿಯಾ 300 ಕಂಪನಿಯ ವೈಟ್ ಡಾಟ್ ಈ ವರ್ಗದ ಹೆಸರಾಂತ ಚೆಂಡು. ಸ್ಪರ್ಧಾಳುಗಳು ಇದನ್ನು ಉಳಿದ ಪಿನ್ ಉರುಳಿಸುವ ನೇರ ಎಸೆತಕ್ಕೆ ಇಟ್ಟುಕೊಳ್ಳುತ್ತಾರೆ. ಕೈಯಲ್ಲಿ ಬಹಳ ಸುತ್ತು ಇರುವವರು ಪೂರ್ತಿ ಒಣಗಿದ ಲೇನಿನಲ್ಲಿ ಸ್ಟ್ರೈಕ್‌ಗೂ ಇದನ್ನೇ ಬಳಸಬಹುದು. ಸಾಧಾರಣ ಸುತ್ತಿನವರಿಗೆ ಬೇಕಾದ ಕೋನ ಇದರಿಂದ ದೊರೆಯುವುದು ಕಷ್ಟ.

ಯುರೇಥೇನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಒಣ ಲೇನ್ ಎಂದರೆ ಯುರೇಥೇನ್ ಎಂಬುದು. ಯುರೇಥೇನ್ ನಯವಾಗಿ ಬಾಗುತ್ತದೆ ನಿಜ, ಆದರೆ ಬೇಗನೆ ಹಿಡಿಯುತ್ತದೆ. ಎಣ್ಣೆಯ ಉದ್ದ ಕಡಿಮೆ ಇದ್ದು ಮುಂಭಾಗ ತಾಜಾ ಇರುವಾಗ ಸ್ಟಾರ್ಮ್ ಕಂಪನಿಯ ಪಿಚ್ ಬ್ಲ್ಯಾಕ್‌ನಂಥ ಯುರೇಥೇನ್ ಚೆಂಡಿಗೆ ಸಾಟಿಯಿಲ್ಲ. ಮುಂಭಾಗವೇ ಒಣಗಿರುವಾಗ ಅದೇ ಚೆಂಡು ಅರ್ಧಕ್ಕೇ ಸೋತು ಸಪ್ಪೆಯಾಗುತ್ತದೆ. ಯುರೇಥೇನ್ ಎಣ್ಣೆಯನ್ನು ಹೀರುವುದಕ್ಕಿಂತ ಮುಂದಕ್ಕೆ ಒಯ್ಯುವುದೇ ಹೆಚ್ಚು. ಹಾಗಾಗಿ ಜೊತೆ ಆಟಗಾರರ ಲೇನ್ ಕೂಡ ಬದಲಾಗುತ್ತದೆ.

ರಿಯಾಕ್ಟಿವ್ ರೆಸಿನ್‌ನಲ್ಲಿ ಸಾಲಿಡ್, ಪರ್ಲ್, ಎರಡೂ ಬೆರೆತ ಹೈಬ್ರಿಡ್ ಎಂಬ ಮೂರು ಬಗೆಗಳಿವೆ. ಪರ್ಲ್‌ನಲ್ಲಿ ಅಭ್ರಕದ ಕಣಗಳು ಸೇರಿರುತ್ತವೆ. ಅದು ಮುಂಭಾಗದಲ್ಲಿ ಹೆಚ್ಚು ಜಾರಿ ಹಿಂಭಾಗಕ್ಕೆ ಶಕ್ತಿ ಉಳಿಸಿಕೊಳ್ಳುತ್ತದೆ. ಹೆಚ್ಚಿನ ಕ್ಲಬ್ ಆಟಗಾರರಿಗೆ ಎದುರಾಗುವುದು ಮುಂಭಾಗದ ಒಣತನ. ಅವರಿಗೆ ಪಾಲಿಷ್ ಮಾಡಿದ, ಸೌಮ್ಯ ಸ್ವಭಾವದ ಪರ್ಲ್ ರಿಯಾಕ್ಟಿವ್ ಚೆಂಡೇ ಮೊದಲ ಆಯ್ಕೆಯಾಗಬೇಕು. ಆರಂಭಿಕರಿಗೆಂದು ಮಾರುವ, ಬೆಲೆಯೂ ಕಡಿಮೆ ಇರುವ ಸಾಲುಗಳಲ್ಲಿ, ಉದಾಹರಣೆಗೆ ಸ್ಟಾರ್ಮ್‌ನ ಟ್ರಾಪಿಕಲ್ ಸಾಲಿನಲ್ಲಿ, ಇಂಥವು ಸಿಗುತ್ತವೆ. ಆರಂಭಿಕರ ಚೆಂಡೆಂದು ಅನುಭವಿಗಳು ಇದನ್ನು ಕಡೆಗಣಿಸುವುದು ಸರಿಯಲ್ಲ.

ಮೇಲ್ಮೈ

ಒಂದೇ ಚೆಂಡು ಮೇಲ್ಮೈ ಬದಲಾದರೆ ಬೇರೆಯೇ ಚೆಂಡಿನಂತೆ ನಡೆದುಕೊಳ್ಳುತ್ತದೆ. ಉಜ್ಜುವ ಪ್ಯಾಡಿನ ಗ್ರಿಟ್ ಸಂಖ್ಯೆ 500, 1000ದಷ್ಟು ಕಡಿಮೆಯಿದ್ದರೆ ಮೇಲ್ಮೈ ಒರಟು, ಹಿಡಿತ ಬೇಗ. 3000, 4000 ದಾಟಿ ಪಾಲಿಷ್‌ಗೆ ಬಂದರೆ ಜಾರಿಕೆ ಹೆಚ್ಚು. ಆಡುತ್ತ ಆಡುತ್ತ ಪ್ರತಿ ಚೆಂಡಿನ ಮೇಲ್ಮೈಯೂ ಬದಲಾಗುತ್ತದೆ. ಒರಟು ಚೆಂಡು ಲೇನಿಗೆ ಉಜ್ಜಿ ನಯವಾಗುತ್ತದೆ, ಪಾಲಿಷ್ ಮಾಡಿದ್ದು ಮೆರುಗು ಕಳೆದುಕೊಳ್ಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೊಳೆದ ಚೆಂಡು ತಿಂಗಳುಗಳ ನಂತರವೂ ಹಾಗೇ ನಡೆದುಕೊಳ್ಳುತ್ತದೆಂದು ಎಣಿಸಬಾರದು.

ಕೋರ್ ಮತ್ತು ತೂತು

ಕೋರ್‌ನ ಗುಣ ಹೇಳುವ ಅಂಕಿಗಳಲ್ಲಿ ಮುಖ್ಯವಾದವು ಎರಡು. ಆರ್‌ಜಿ ಎಂಬುದು ಚೆಂಡಿನ ತೂಕ ನಡುವಿಗೆ ಹತ್ತಿರವಿದೆಯೋ ಹೊರಮೈಗೆ ಹತ್ತಿರವಿದೆಯೋ ಎಂಬುದರ ಅಳತೆ. ನಿಯಮದ ಪ್ರಕಾರ ಅದು 2.46ರಿಂದ 2.80 ಅಂಗುಲದೊಳಗೆ ಇರಬೇಕು. ಆರ್‌ಜಿ ಹೆಚ್ಚಿದ್ದಷ್ಟೂ ಚೆಂಡು ತಡವಾಗಿ ಉರುಳುವಿಕೆಗೆ ಬರುತ್ತದೆ. ಮುಂಭಾಗ ಒಣಗಿದ್ದರೆ 2.55ಕ್ಕಿಂತ ಮೇಲಿನದು ಅನುಕೂಲ. ಡಿಫರೆನ್ಷಿಯಲ್ ಎಂಬುದು ಚೆಂಡು ಸುತ್ತುವಾಗ ಅಕ್ಷ ಎಷ್ಟು ಸರಿಯಬಲ್ಲದು ಎಂಬುದರ ಸೂಚಕ. ಅದರ ಗರಿಷ್ಠ ಮಿತಿ 0.060. ಅಕ್ಷ ಹೆಚ್ಚು ಸರಿದರೆ ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಮೈ ಲೇನಿಗೆ ತಾಗಿ ಹಿಡಿತ ಹೆಚ್ಚುತ್ತದೆ. ಒಣ ಲೇನಿಗೆ ಇದು ಬೇಡದ ಉಪಕಾರ, 0.035ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. ಅಸಮ ಆಕಾರದ ಕೋರ್‌ಗಳನ್ನು ಇಲ್ಲಿ ದೂರವಿಡುವುದೇ ಕ್ಷೇಮ.

ಈ ಅಂಕಿಗಳು ಸಾಮಾನ್ಯವಾಗಿ 15 ಪೌಂಡಿನ ಚೆಂಡಿನವು. ನಿಯಮ ಒಪ್ಪುವ ಗರಿಷ್ಠ ತೂಕ 16 ಪೌಂಡ್. ಹಗುರವಾದ ಚೆಂಡುಗಳಿಗೆ ಹಲವು ತಯಾರಕರು ಬೇರೆ, ಸರಳವಾದ ಕೋರ್ ಹಾಕುತ್ತಾರೆ. ಮಕ್ಕಳಿಗೂ ಹಗುರ ಚೆಂಡು ಬಳಸುವ ಹಿರಿಯರಿಗೂ ಕೊಳ್ಳುವಾಗ ಆ ತೂಕದ ಅಂಕಿಯನ್ನೇ ಕೇಳಿ ತಿಳಿಯಬೇಕು.

ತೂತು ಕೊರೆಯುವವರು ಕೋರ್‌ನ ತುದಿಯನ್ನು ತೋರಿಸುವ ಚುಕ್ಕಿ ಆಟಗಾರನ ಸುತ್ತಿನ ಅಕ್ಷದಿಂದ ಐದು ಅಂಗುಲಕ್ಕಿಂತ ದೂರ ಬರುವಂತೆ ಇಟ್ಟರೆ ಅಕ್ಷದ ಸರಿತ ತಗ್ಗುತ್ತದೆ. ಮೊದಲೆಲ್ಲ ಹೆಚ್ಚುವರಿ ತೂತೊಂದನ್ನು ಕೊರೆದು ಈ ಸರಿತವನ್ನು ಇನ್ನಷ್ಟು ಹೊಂದಿಸಿಕೊಳ್ಳಬಹುದಿತ್ತು. 2020ರ ಆಗಸ್ಟ್ 1ರಿಂದ ಯುಎಸ್‌ಬಿಸಿ ನಿಯಮದ ಆಟದಲ್ಲಿ ಬೆರಳು ಹಾಕದ ತೂತಿಗೆ ಅವಕಾಶವಿಲ್ಲ. ಹಳೆಯ ಚೆಂಡು ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು.

ಆಟಗಾರನಿಗೆ ತಕ್ಕಂತೆ

ನಿಧಾನವಾಗಿ ಎಸೆದು ಹೆಚ್ಚು ಸುತ್ತು ಕೊಡುವವರಿಗೆ ಒಣ ಲೇನ್ ಅತಿ ಕಷ್ಟ. ಎರಡೂ ಕೈಗಳಲ್ಲಿ ಎಸೆಯುವ ಶೈಲಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖರಾದ ಆಸ್ಟ್ರೇಲಿಯದ ಜೇಸನ್ ಬೆಲ್ಮೊಂಟೆಯವರ ಹಾದಿಯಲ್ಲಿ ಬಂದ ತರುಣರು ಈ ಗುಂಪಿಗೆ ಹತ್ತಿರದವರು. ಇವರು ಇತರರಿಗಿಂತ ಒಂದು ಹೆಜ್ಜೆ ಸೌಮ್ಯವಾದ ಚೆಂಡನ್ನು ಆರಿಸಬೇಕು. ವೇಗವಾಗಿ, ಕಡಿಮೆ ಸುತ್ತಿನಲ್ಲಿ ಎಸೆಯುವವರಿಗೆ ಒಣ ಲೇನ್ ಎಷ್ಟೋ ಸಲ ಅನುಕೂಲವೇ. ಅವರಿಗೆ ಬೇರೆ ಚೆಂಡೇ ಬೇಕಾಗದಿರಬಹುದು.

ಹೊಸ ಚೆಂಡಿಗೆ ಹಣ ಕೊಡುವ ಮೊದಲು ಮಾಡಬೇಕಾದ ಕೆಲಸಗಳು ಮೂರು. ಬಲಗೈಯವರು ನಿಲ್ಲುವ ಜಾಗವನ್ನು ಎಡಕ್ಕೆ ಸರಿಸಿ ಎಣ್ಣೆ ಉಳಿದಿರುವ ಪಟ್ಟಿಗಳನ್ನು ಹುಡುಕಿ. ವೇಗವನ್ನು ತುಸು ಹೆಚ್ಚಿಸಿ ನೋಡಿ. ಕೈಯಲ್ಲಿರುವ ಚೆಂಡಿಗೆ ಪಾಲಿಷ್ ಹಾಕಿಸಿ ಮತ್ತೊಮ್ಮೆ ಆಡಿ. ಇಷ್ಟಾದ ಮೇಲೂ 10ನೆಯ ಪಿನ್ ಸುಮ್ಮನೆ ನಿಂತೇ ಇದ್ದರೆ ಪಾಲಿಷ್ ಮಾಡಿದ ಪರ್ಲ್ ಕೊಳ್ಳಿ. ಚೆಂಡು ಮೊದಲ ಪಿನ್‌ನ ನಡುಮುಖಕ್ಕೆ ಬಡಿಯುತ್ತಲೇ ಇದ್ದರೆ ಯುರೇಥೇನ್ ಕೊಳ್ಳಿ.