ಗುಡುಗುಡಿಯೂ ಚಿಲುಮೆಯೂ: ಪೂರ್ವಿಕರ ಕೆಲಸ, ಇಂದಿನವರ ಕೆಲಸ

ಹಳೆಯ ಕಾಲದ ಧೂಮನಾಳಗಳು ಈಗಿನವುಗಳಿಗಿಂತ ಉತ್ತಮವಾಗಿ ನಿರ್ಮಿತವಾಗುತ್ತಿದ್ದುವೆಂಬ ಮಾತು ಲೋಕದಲ್ಲಿ ಬಹು ಸುಲಭವಾಗಿ ಸಲ್ಲುತ್ತದೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಿಯ ಬಳ್ಳಿ ಹಬ್ಬಿದ ಬಿದರಿಯ ಗುಡುಗುಡಿಯನ್ನು ಕಂಡವನು, ಹೊರಗೆ ಬಂದು ಬೀದಿಯಂಗಡಿಯ ತಗಡಿನ ಗುಡುಗುಡಿಯನ್ನು ನೋಡಿ ನಿಟ್ಟುಸಿರು ಬಿಡುವುದು ಸಹಜವೇ. ಆದರೆ ಅರಮನೆಯ ವಸ್ತುವನ್ನು ಅಂಗಡಿಯ ವಸ್ತುವಿನೊಡನೆ ತೂಗುವ ತಕ್ಕಡಿಯು ನ್ಯಾಯವಾದುದಲ್ಲ. ಮಧುಗಿರಿಗೆ ಉತ್ತರದಲ್ಲಿರುವ ಮಿಡಿಗೇಶಿಯ ದುರ್ಗದ ಬುಡದಲ್ಲಿ ಬಾಳಿದ ಒಕ್ಕಲಿಗನು ಇನ್ನೂರು ವರ್ಷಗಳ ಹಿಂದೆ ಸೇದುತ್ತಿದ್ದುದು ಬಿದರಿಯ ಗುಡುಗುಡಿಯನ್ನಲ್ಲ, ಕುಂಬಾರನ ಮಣ್ಣಿನ ಚಿಲುಮೆಯನ್ನು. ಅದನ್ನು ಯಾವ ಸಂಗ್ರಹಾಲಯವೂ ಕಾಪಾಡಿ ಇರಿಸಿಲ್ಲ. ಆದುದರಿಂದ ಈ ವಿಷಯವನ್ನು ಮೂಲದಿಂದ ವಿಚಾರಿಸುವುದು ಯುಕ್ತವು.

ಮೊದಲು, ಧೂಮನಾಳವು ಚೆನ್ನಾಗಿ ಮಾಡಲ್ಪಟ್ಟಿದೆ ಎನ್ನಲು ಪ್ರಮಾಣವೇನು? ಅಲಂಕಾರವೆ, ಬಾಳಿಕೆಯೆ, ಅಥವಾ ಹೊಗೆಯನ್ನು ಸರಿಯಾಗಿ ತರುವ ಗುಣವೆ? ಈ ಪ್ರಶ್ನೆಗೆ ನಮ್ಮ ವೈದ್ಯಶಾಸ್ತ್ರದಲ್ಲಿಯೇ ಉತ್ತರವಿದೆ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮನೇತ್ರದ ಲಕ್ಷಣವು ಹೇಳಲ್ಪಟ್ಟಿದೆ. ವೈರೇಚನಿಕ ಧೂಮಕ್ಕೆ ಸೇದುವವನ ಬೆರಳಿನ ಅಳತೆಯಲ್ಲಿ 24 ಅಂಗುಲ, ಸ್ನೈಹಿಕಕ್ಕೆ 32, ಪ್ರತಿನಿತ್ಯದ ಪ್ರಾಯೋಗಿಕಕ್ಕೆ 24ರ ಒಂದೂವರೆಯಷ್ಟು, ಎಂದರೆ 36 ಅಂಗುಲ. ನಾಳವು ನೆಟ್ಟಗಿರಬೇಕು, ಮೂರು ಕೋಶಗಳುಳ್ಳದ್ದಾಗಿರಬೇಕು, ತುದಿಯ ರಂಧ್ರವು ಬೋರೆಹಣ್ಣಿನ ಬೀಜದಷ್ಟಿರಬೇಕು. ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಪ್ರಾಯೋಗಿಕಕ್ಕೆ 48 ಅಂಗುಲಗಳನ್ನು ವಿಧಿಸುತ್ತಾನೆ. ಕೆಮ್ಮಿಗೂ ವಮನಕ್ಕೂ 16 ಸಾಕೆನ್ನುತ್ತಾನೆ. ಇಷ್ಟು ಉದ್ದವೇಕೆಂಬುದಕ್ಕೆ ಚರಕನು ಕೊಡುವ ಕಾರಣವು ಅತ್ಯಂತ ಮನೋಹರವಾದುದು. ದೂರದಿಂದ ಹೊರಟು, ಗಿಣ್ಣುಗಳಲ್ಲಿ ತಡೆತಡೆದು, ನಾಳದಲ್ಲಿ ತೆಳುವಾಗಿ ಬರುವ ಹೊಗೆಯು ಇಂದ್ರಿಯಗಳನ್ನು ಬಾಧಿಸದು ಎಂಬುದೇ ಆ ಕಾರಣ. ನಾಳದ ಗುಣವು ಅದರ ಬೆಲೆಯಲ್ಲಿಲ್ಲ, ಹೊಗೆಯ ವೇಗವನ್ನೂ ಬಿಸಿಯನ್ನೂ ತಗ್ಗಿಸುವುದರಲ್ಲಿದೆ ಎಂಬುದು ಇದರಿಂದ ಸ್ಪಷ್ಟ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಸಂಹಿತೆಗಳಲ್ಲಿ ಧೂಮಪಾನದ ಮಾತಿದೆಯಾದ ಕಾರಣ ಹೊಗೆಸೊಪ್ಪು ನಮ್ಮಲ್ಲಿ ಅನಾದಿಯೆಂದು ವಾದಿಸುವ ಪಂಡಿತರುಂಟು. ಚರಕನ ವರ್ತಿಯು ಗಂಧದ್ರವ್ಯಗಳನ್ನೂ ಔಷಧಿಗಳನ್ನೂ ಅರೆದು, ಜೊಂಡಿನ ಕಡ್ಡಿಗೆ ಮೆತ್ತಿ, ಹೆಬ್ಬೆರಳ ಗಾತ್ರಕ್ಕೆ ಎಂಟು ಅಂಗುಲ ಉದ್ದ ಮಾಡಿ, ಒಣಗಿದ ಮೇಲೆ ಕಡ್ಡಿಯನ್ನೆಳೆದು ತೆಗೆದು, ಸ್ನೇಹವನ್ನು ಸವರಿ ಹೊತ್ತಿಸತಕ್ಕದ್ದು. ಅದರಲ್ಲಿ ತಂಬಾಕಿನ ಹೆಸರಿಲ್ಲ; ಇರುವುದೂ ಅಸಾಧ್ಯ, ಏಕೆಂದರೆ ಆ ಗಿಡವು ಅಮೆರಿಕಾ ಖಂಡದ್ದು. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎನ್ನುವುದು ಶಾಬ್ದಿಕರಿಗೆ ತಕ್ಕ ಮಾತಲ್ಲ.

ಹೊಗೆಸೊಪ್ಪು ಉತ್ತರ ಹಿಂದೂಸ್ಥಾನದ ರಾಜಸಭೆಗೆ ಹೋದುದು ಕರ್ಣಾಟಕದಿಂದಲೇ ಎಂಬ ಸಂಗತಿಯನ್ನು ನಮ್ಮವರು ಹೆಚ್ಚಾಗಿ ಗಮನಿಸಿಲ್ಲ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ಕರೆತರುವ ಕಾರ್ಯದಲ್ಲಿ ಅಕ್ಬರನು ಅಸದ್ ಬೇಗನೆಂಬವನನ್ನು ಕಳುಹಿಸಿದನು. ಆತನು 1604ರ ಸುಮಾರಿನಲ್ಲಿ ಬಿಜಾಪುರದಲ್ಲಿ ತಂಬಾಕನ್ನು ಕಂಡು, ಅಂಥದನ್ನು ಹಿಂದೆಂದೂ ಕಂಡಿರದ ಕಾರಣ ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಅದರ ಜೊತೆಗೆ ಆತನು ಸಿದ್ಧಪಡಿಸಿದ ನಾಳದ ವರ್ಣನೆಯು ಅವನ ಬರವಣಿಗೆಯಲ್ಲಿಯೇ ಉಳಿದಿದೆ. ಸುಮಾತ್ರಾ ದ್ವೀಪದ ಅಚಿನ್ ಪಟ್ಟಣದಿಂದ ತರಿಸಿದ ಮೂರು ಮೊಳದ ದಂಡ. ಅದರ ಎರಡು ತುದಿಗಳಿಗೂ ರತ್ನ ಮತ್ತು ಮೀನಾ ಕೆಲಸ. ಬಾಯಿಗೆ ಯಮನ್ ದೇಶದ ಕೆಂಪು ಅಕೀಕಿನ ತುಂಡು. ಕೆಂಡಕ್ಕೆ ಚಿನ್ನದ ಪಾತ್ರೆ. ಮೂರು ಮೊಳವೆಂದರೆ 72 ಅಂಗುಲ. ಸುಶ್ರುತನ ವಿಧಿಗಿಂತಲೂ ಅರ್ಧಪಾಲು ಹೆಚ್ಚು. ಅಕ್ಬರನು ಒಂದೆರಡು ಸಲ ಸೇದಿದನು, ವೈದ್ಯನು ಅಡ್ಡಬಂದನು, ಬಾದಶಹನು ಬಿಟ್ಟನು. ಸಭೆಯ ಸರದಾರರು ಮಾತ್ರ ಬಿಡಲಿಲ್ಲ. ಜಹಾಂಗೀರನು 1617ರಲ್ಲಿ ನಿಷೇಧಾಜ್ಞೆ ಹೊರಡಿಸಬೇಕಾಗಿ ಬಂದಿತೆಂದರೆ ಹದಿಮೂರು ವರ್ಷಗಳಲ್ಲಿ ಈ ಚಟವು ಎಷ್ಟು ಹಬ್ಬಿತ್ತೆಂಬುದು ತಿಳಿಯುತ್ತದೆ.

ನೀರಿನ ಪಾತ್ರೆಯ ಮೂಲಕ ಹೊಗೆಯನ್ನು ಸೇದುವ ಉಪಾಯವನ್ನು ಅಕ್ಬರನ ವೈದ್ಯ ಹಕೀಂ ಅಬುಲ್ ಫತಹ್ ಗೀಲಾನಿಯು ಕಂಡುಹಿಡಿದನೆಂಬ ಕಥೆಯೊಂದು ಎಲ್ಲೆಲ್ಲಿಯೂ ಪ್ರಚಾರದಲ್ಲಿದೆ. ಆ ಹಕೀಮನು ತೀರಿಕೊಂಡುದು 1589ರಲ್ಲಿ. ಅಸದ್ ಬೇಗನು ತಂಬಾಕನ್ನು ಆಗ್ರಾಕ್ಕೆ ತಂದುದು ಅದಕ್ಕೆ ಹದಿನೈದು ವರ್ಷಗಳ ಮೇಲೆ. ಸಭೆಯೇ ಕಂಡಿರದ ಸೊಪ್ಪಿನ ಹೊಗೆಯನ್ನು ಸತ್ತವನು ತೊಳೆದನೆಂದರೆ ನಂಬುವುದು ಹೇಗೆ? ಕಥೆಗಿಂತ ಶಬ್ದವೇ ಇಲ್ಲಿ ಹೆಚ್ಚು ಸತ್ಯವನ್ನು ಹೇಳುತ್ತದೆ. ಪಾರಸಿಯ ‘ನಾರ್ಗೀಲ್’ ಎಂಬುದು ನಮ್ಮ ನಾರಿಕೇಲವೇ. ಮೊದಲ ನೀರಿನ ಪಾತ್ರೆಯು ತೆಂಗಿನ ಚಿಪ್ಪಾಗಿತ್ತೆಂಬುದನ್ನು ಆ ಹೆಸರು ಇಂದಿಗೂ ಹೊತ್ತುಕೊಂಡಿದೆ. 17ನೆಯ ಶತಮಾನದ ಬಿದರಿ ಪಾತ್ರೆಗಳು ದುಂಡಗಾಗಿದ್ದು, ಕೆಳಗೆ ಸಿಂಬಿಯಿಲ್ಲದೆ ನಿಲ್ಲಲಾರವು; ಇದೂ ತೆಂಗಿನ ಚಿಪ್ಪಿನ ಅನುಕರಣವೆಂದು ಊಹಿಸುವವರುಂಟು. ಗಂಟೆಯಾಕಾರದ ಅಗಲ ತಳದ ಪಾತ್ರೆಗಳು ಆಮೇಲೆ, 18ನೆಯ ಶತಮಾನದಲ್ಲಿ ರೂಢಿಗೆ ಬಂದುವು. ಉರುಳಿಹೋಗದೆ ನಿಲ್ಲುವುದು ಒಂದು ಗುಣವಾದರೆ ಹಳೆಯದಕ್ಕಿಂತ ಹೊಸದೇ ಇಲ್ಲಿ ಮೇಲೆಂದು ಒಪ್ಪಬೇಕು.

ಈ ಪದಾರ್ಥವು ಮಿಡಿಗೇಶಿಯ ಕಡೆಗೆ ಬಂದ ದಾರಿಯು ದಂಡಿನ ದಾರಿಯೇ ಆಗಿರಬೇಕು. ಬಿಜಾಪುರದವರು 1619ರಲ್ಲಿ ಬಿದರೆಯನ್ನು ವಶಪಡಿಸಿಕೊಂಡರು. ರಣದುಲ್ಲಾ ಖಾನನ ದಂಡಯಾತ್ರೆಯಿಂದ 1638ರಲ್ಲಿ ಶಿರಾ ಸೀಮೆಯೂ ಅವರದಾಯಿತು. ಹೀಗೆ ಗುಡುಗುಡಿಯ ಕಾರಖಾನೆಯಿದ್ದ ಬಿದರೆಯೂ, ತಂಬಾಕಿನ ರೇವುಗಳಿಗೆ ಸಮೀಪವಾದ ಬಿಜಾಪುರವೂ, ಮಧುಗಿರಿಗೆ ಹತ್ತಿರದ ಶಿರಾ ಪಟ್ಟಣವೂ ಕೆಲಕಾಲ ಒಂದೇ ಛತ್ರದ ಕೆಳಗಿದ್ದುವು. ಚಿಕ್ಕದೇವರಾಜ ಒಡೆಯರ ಸೈನ್ಯವು 1678ರ ಸುಮಾರಿಗೆ ಮಧುಗಿರಿ, ಮಿಡಿಗೇಶಿ, ಬಿಜ್ಜಾವರ, ಚನ್ನರಾಯದುರ್ಗಗಳನ್ನು ಹಿಡಿಯಿತು. 1687ರಲ್ಲಿ ಮೊಗಲರು ಶಿರಾವನ್ನು ಸುಭಾದ ರಾಜಧಾನಿಯಾಗಿ ಮಾಡಿಕೊಂಡರು. 1761ರಲ್ಲಿ ಅದು ಹೈದರಾಲಿಯ ಕೈಸೇರಿತು. ಸುಭೇದಾರನ ದರಬಾರಿನಲ್ಲಿ ಗುಡುಗುಡಿಯು ಮರ್ಯಾದೆಯ ವಸ್ತು. ದಂಡಿನ ಬಿಡಾರದಲ್ಲಿ ಚಿಲುಮೆಯು ಕೈಯಿಂದ ಕೈಗೆ ಹೋಗುವ ವಸ್ತು. ಪಾಳೆಯಗಾರನು ಮೊದಲನೆಯದನ್ನು ಕಲಿತನು, ರೈತನೂ ಕುರಿಕಾಯುವವನೂ ಎರಡನೆಯದನ್ನು ಕಲಿತರು.

ಭಾಷೆಯು ಈ ಆಗಂತುಕಗಳನ್ನು ಬರಮಾಡಿಕೊಂಡ ರೀತಿಯೂ ಗಮನಾರ್ಹವಾದುದು. ‘ಚಿಲುಮೆ’ ಎಂಬುದು ಅಚ್ಚ ಕನ್ನಡದಲ್ಲಿ ನೀರಿನ ಬುಗ್ಗೆ. ದೇವರಾಯನದುರ್ಗದ ಬಳಿಯ ನಾಮದ ಚಿಲುಮೆಯನ್ನು ತುಮಕೂರಿನವರೆಲ್ಲರೂ ಬಲ್ಲರು. ಪಾರಸಿಯ ‘ಚಿಲಂ’ ಶಬ್ದವು ಬಂದಾಗ ಕನ್ನಡಿಗನ ಕಿವಿ ಅದನ್ನು ತನಗೆ ಪರಿಚಿತವಾದ ಅಚ್ಚಿನಲ್ಲಿ ಎರೆದುಕೊಂಡಿತು. ನೀರುಕ್ಕುವ ಚಿಲುಮೆ ಒಂದು, ಬೆಂಕಿಯಿಡುವ ಚಿಲುಮೆ ಮತ್ತೊಂದು. ‘ಗುಡುಗುಡಿ’ಯಾದರೋ ಅನುಕರಣಶಬ್ದ. ಸಂಸ್ಕೃತದಲ್ಲಿ ಹೊಗೆಯನ್ನು ‘ಪಾನ’ ಮಾಡುತ್ತಾರೆ. ಕನ್ನಡದಲ್ಲಿ ಬಾವಿಯಿಂದ ನೀರನ್ನೆಳೆವಂತೆ ‘ಸೇದುತ್ತಾರೆ’. ನಾಳದ ಕೆಲಸವನ್ನು ಕಣ್ಣಾರೆ ಕಂಡು ಆರಿಸಿದ ಕ್ರಿಯಾಪದವಿದು. ಅಧ್ಯಾಪಕರಿಗೆ ಇದರಿಂದ ಒಂದು ಪ್ರಯೋಜನವೂ ಉಂಟು. ಹೊಗೆಸೊಪ್ಪು, ಗುಡುಗುಡಿ ಮುಂತಾದುವು ಮೂಲಪಾಠದಲ್ಲಿಯೇ ಬರುವ ಕೃತಿಯನ್ನು 16ನೆಯ ಶತಮಾನಕ್ಕೆ ಹಿಂದೆ ಇಡಲಾಗದು. ಹಾಗೆ ಇಡಬೇಕೆನ್ನುವವರು ಆ ಭಾಗವು ಪ್ರಕ್ಷಿಪ್ತವೆಂದು ಸಾಧಿಸಬೇಕು. ‘ಧೂಮಪಾನ’ ಶಬ್ದ ಮಾತ್ರದಿಂದ ಇಂಥ ನಿರ್ಣಯವು ದೊರೆಯದು.

ಇನ್ನು ನಿರ್ಮಾಣಕ್ಕೆ ಬರೋಣ. ಬಿದರಿಯ ಲೋಹವು ಬಹುಭಾಗ ಸತುವು, ಸ್ವಲ್ಪ ತಾಮ್ರ. ಎರಕವನ್ನು ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರನ್ನು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಚಿತ್ರವನ್ನು ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿದರೆ ತಾರ್‌ಕಶಿ, ತಗಡನ್ನು ಕೂರಿಸಿದರೆ ತೆಹನಿಶಾನ್. ಬೆಳ್ಳಿಯು ಮೇಲಕ್ಕೆ ಉಬ್ಬಿ ನಿಂತರೆ ಜರ್‌ಬುಲಂದ್. ಕೊನೆಗೆ ಬಿದರೆಯ ಹಳೆಯ ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಆಗ ಮೇಲ್ಮೈಯ ಸತುವು ಕರಗಿ ಹೋಗಿ ತಾಮ್ರದಂಶವು ಉಳಿದು ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿಯು ಮಾತ್ರ ಬೆಳ್ಳಗೆ ನಿಲ್ಲುತ್ತದೆ. ಮಳೆಬಿಸಿಲು ಕಾಣದ ಆ ಕೋಟೆಮಣ್ಣಿನ ಮಹಿಮೆಯನ್ನು ಕಸಬುದಾರರು ಈಗಲೂ ನಾಲಿಗೆಯಲ್ಲಿ ರುಚಿನೋಡಿ ಪರೀಕ್ಷಿಸುತ್ತಾರೆ.

ಹಳೆಯವರ ಲೋಹದ ಪಾಕವು ಬೇರೆಯಾಗಿತ್ತೆಂಬುದು ಹಳೆಯದರ ಪಕ್ಷಪಾತಿಗಳ ಮುಖ್ಯ ವಾದ. ಇದಕ್ಕೆ ಆಧಾರವಿಲ್ಲದಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಬೆಂಜಮಿನ್ ಹೈನ್ ಎಂಬ ವೈದ್ಯನು ಬರೆದಿಟ್ಟ ಪಾಕದಲ್ಲಿ ತಾಮ್ರ 16, ಸೀಸ 4, ತವರ 2 ಭಾಗಗಳನ್ನು ಕರಗಿಸಿ, ಆ ಮಿಶ್ರದ ಮೂರು ಭಾಗಕ್ಕೆ ಸತುವನ್ನು 16 ಭಾಗ ಸೇರಿಸಬೇಕೆಂದಿದೆ. ಲೆಕ್ಕಹಾಕಿದರೆ ತಾಮ್ರವು ನೂರಕ್ಕೆ ಹನ್ನೊಂದೂವರೆಯಾಗುತ್ತದೆ. ಇಂದಿನ ಬಿದರೆಯವರು 16 ಭಾಗ ಸತುವಿಗೆ ಒಂದು ಭಾಗ ತಾಮ್ರವೆನ್ನುತ್ತಾರೆ. ಅದು ನೂರಕ್ಕೆ ಆರಕ್ಕಿಂತಲೂ ಕಡಿಮೆ. ಇಷ್ಟನ್ನೇ ನೋಡಿದರೆ ಹೊಸಬರು ತಾಮ್ರದಲ್ಲಿ ಜಿಪುಣರೆಂದು ತೋರಬಹುದು. ಆದರೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದ ಹಳೆಯ ಬಿದರಿ ವಸ್ತುಗಳನ್ನು ರಸಾಯನರೀತ್ಯಾ ಪರೀಕ್ಷಿಸಿ 1987ರಲ್ಲಿ ಪ್ರಕಟವಾದ ವಿವರಗಳಲ್ಲಿ ತಾಮ್ರವು ನೂರಕ್ಕೆ ಎರಡರಿಂದ ಹತ್ತರವರೆಗೆ ಏರಿಳಿಯುತ್ತದೆ. ಸೀಸವಂತೂ ಒಂದರಲ್ಲಿ ಹೆಸರಿಗೆ ಮಾತ್ರ, ಇನ್ನೊಂದರಲ್ಲಿ ನೂರಕ್ಕೆ ಹತ್ತೊಂಬತ್ತು. ಎಂದರೆ ಪೂರ್ವಿಕರಲ್ಲಿ ಒಂದೇ ಪಾಕವೆಂಬುದು ಇರಲಿಲ್ಲ. ಇಂದಿನವರ ಪ್ರಮಾಣವು ಹಳೆಯ ಮೇರೆಯೊಳಗೇ ಇದೆ. ಲೋಹದ ವಿಷಯದಲ್ಲಿ ಹಳೆಯದರ ಹೆಚ್ಚುಗಾರಿಕೆಯು ಸಿದ್ಧವಾಗದು.

ಕೈಕೆಲಸದಲ್ಲಿ ಮಾತ್ರ ವ್ಯತ್ಯಾಸವುಂಟು. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. 17–18ನೆಯ ಶತಮಾನಗಳ ಪಾತ್ರೆಗಳಲ್ಲಿ ಹೂವಿನ ದಳದ ಮಡಿಕೆಯನ್ನು ತೋರಿಸಲು ಬೆಳ್ಳಿಯ ತಗಡಿನ ಮೇಲೆಯೇ ಮತ್ತೆ ಗೀರುಗಳನ್ನೆಳೆದಿರುವರು. ಗಸಗಸೆಯ ಗಿಡವೊಂದು ಪಾತ್ರೆಯ ಸುತ್ತಲೂ ಗಾಳಿಗೆ ಬಾಗಿದಂತಿರುತ್ತದೆ. ಇಂದಿನ ಮಾರಾಟದ ಸಾಮಾನುಗಳಲ್ಲಿ ಅಂಥ ಕೆಲಸವು ವಿರಳ. ಆದರೆ ಕಾರಣವು ಕೈಯ ದೌರ್ಬಲ್ಯವಲ್ಲ, ಕೊಳ್ಳುವವನ ಆತುರ. ಅಂದಿನ ಕಸಬಿಯು ಒಂದು ಪಾತ್ರೆಗೆ ತಿಂಗಳುಗಳನ್ನು ಕೊಡಬಹುದಾಗಿತ್ತು, ಏಕೆಂದರೆ ಆ ತಿಂಗಳುಗಳ ಅನ್ನವನ್ನು ನವಾಬನು ಕೊಡುತ್ತಿದ್ದನು. 2006ರಲ್ಲಿ ಬಿದರಿ ಕೆಲಸಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ, 2023ರಲ್ಲಿ ಆ ಕಲೆಯ ಹಿರಿಯರಾದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯೂ ದೊರೆತುವು. ಜೀವಂತವಾಗಿರುವ ಕಸಬನ್ನು ‘ಹಿಂದಿನಂತಿಲ್ಲ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕುವವರು ಅದರ ಬೆಲೆಯನ್ನೂ ಕಸಬಿಯ ಕೂಲಿಯನ್ನೂ ಒಟ್ಟಿಗೆ ಇಳಿಸುತ್ತಾರೆ.

ಈಗ ಮಿಡಿಗೇಶಿಯ ರೈತನ ಚಿಲುಮೆಗೆ ಹಿಂದಿರುಗಬೇಕು. ಅಂಗೈಯಲ್ಲಿ ಹಿಡಿಸುವ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಮಣ್ಣಿನ ಕೊಳವೆ. ಒಳಗೆ ಸೊಪ್ಪು ಜಾರದಂತೆ ಒಂದು ಹರಳು. ಬಾಯಿಗೂ ಮಣ್ಣಿಗೂ ನಡುವೆ ಒದ್ದೆಯ ಬಟ್ಟೆ. ಚರಕನ ಲಕ್ಷಣಕ್ಕೆ ಇದನ್ನು ಹಚ್ಚಿನೋಡಿದರೆ ಮೂರು ಕೋಶವೂ ಇಲ್ಲ, 24 ಅಂಗುಲವೂ ಇಲ್ಲ. ಹೊಗೆಯು ಬಿಸಿಬಿಸಿಯಾಗಿಯೇ ಗಂಟಲಿಗೆ ಇಳಿಯುತ್ತದೆ. ಹಳೆಯದೆಂಬ ಕಾರಣದಿಂದ ಇದನ್ನು ಹೊಗಳುವುದು ಸಾಧ್ಯವಿಲ್ಲ. ಇದು ಒಡೆಯುತ್ತಿತ್ತು, ಎಸೆಯಲ್ಪಡುತ್ತಿತ್ತು, ಮುಂದಿನ ಸಂತೆಯಲ್ಲಿ ಬೇರೊಂದು ಬರುತ್ತಿತ್ತು. ಒಂದು ಕಾಲದ ನೂರು ವಸ್ತುಗಳಲ್ಲಿ ಅತ್ಯುತ್ತಮವಾದ ಒಂದೆರಡು ಮಾತ್ರ ಉಳಿದು, ಉಳಿದವು ಮಣ್ಣುಗೂಡಿದ ಮೇಲೆ, ಆ ಒಂದೆರಡನ್ನು ತೋರಿಸಿ ‘ಹಿಂದಿನವರು ಹೀಗೆ ಮಾಡುತ್ತಿದ್ದರು’ ಎನ್ನುವುದು ಅವ್ಯಾಪ್ತಿದೋಷದಿಂದ ಕೂಡಿದ ಅನುಮಾನ. ಕಾವ್ಯಗಳ ವಿಷಯದಲ್ಲಿಯೂ ಇದೇ ದೋಷವು ನಡೆಯುತ್ತಿರುತ್ತದೆ; ಪಂಪನ ಕಾಲದ ಕೆಟ್ಟ ಕವಿಗಳ ಓಲೆಗಳನ್ನು ಗೆದ್ದಲು ತಿಂದುದರಿಂದ ಆ ಕಾಲದಲ್ಲಿ ಕೆಟ್ಟ ಕವಿಗಳೇ ಇರಲಿಲ್ಲವೆಂದಾಗದು.

ಯೂರೋಪಿನಲ್ಲಿಯೂ ಇದೇ ವಿವಾದವುಂಟು. ಅಲ್ಲಿ ಮೊದಲು ಬಿಳಿಯ ಜೇಡಿಮಣ್ಣಿನ ನಾಳಗಳಿದ್ದುವು. 19ನೆಯ ಶತಮಾನದ ನಡುವೆ ಮಧ್ಯಧರಾ ಸಮುದ್ರತೀರದ ಬ್ರಯರ್ ಎಂಬ ಪೊದೆಯ ಬೇರುಗಡ್ಡೆಯಿಂದ ನಾಳ ಮಾಡುವ ಕಸಬು ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ ಬೆಳೆಯಿತು. ಹಳೆಯ ಬ್ರಯರ್ ಹೆಚ್ಚು ಕಾಲ ಒಣಗಿದ ಮರವಾದುದರಿಂದ ಮೇಲೆಂದು ಸಂಗ್ರಹಕಾರರು ಹೇಳುವರು. ಮರವನ್ನು ಒಣಗಿಸುವುದು ಕಾಲದ ಕೆಲಸವಾದುದರಿಂದ ಈ ಮಾತಿನಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಅಲ್ಲಿಯೂ ಉಳಿದವುಗಳಿಂದಲೇ ಎಲ್ಲವನ್ನೂ ಅಳೆಯುತ್ತಾರೆ.

ನೀರು ಹೊಗೆಯನ್ನು ಶುದ್ಧಿಮಾಡುತ್ತದೆಂಬ ಹಳೆಯ ನಂಬಿಕೆಯನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ನೀರು ತಣಿಸುತ್ತದೆ, ವಿಷವನ್ನು ಕಳೆಯುವುದಿಲ್ಲ. ಕರ್ಣಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹುಕ್ಕಾದ ಮಾರಾಟವನ್ನೂ ಸೇವನೆಯನ್ನೂ ರಾಜ್ಯದಲ್ಲಿ ನಿಷೇಧಿಸಿತು. ಆದುದರಿಂದ ಬಿದರೆಯ ಕಸಬಿಯು ಇಂದು ಗುಡುಗುಡಿಯ ಪಾತ್ರೆಯನ್ನು ಮಾಡಿದರೂ ಅದರಲ್ಲಿ ನೀರು ತುಂಬುವವರಿಲ್ಲ. ಅದು ಮೇಜಿನ ಮೇಲೆ ಹೂದಾನಿಯ ಪಕ್ಕದಲ್ಲಿ ಕುಳಿತಿರುತ್ತದೆ. ಮಿಡಿಗೇಶಿಯ ಕಡೆಯ ಚಿಲುಮೆಯನ್ನು ಮೂಲೆಗೊತ್ತಿದುದು ಯಾವ ಆಜ್ಞೆಯೂ ಅಲ್ಲ; ಎಲೆಯಲ್ಲಿ ಸುತ್ತಿದ, ನಾಳವೇ ಬೇಡದ ಬೀಡಿ.