ಕುದಿಯುವ ನೀರಿನ ಚರಿತ್ರೆ: ದೋಸೆ ಕಾವಲಿಯಿಂದ ನ್ಯಾನೋ ದ್ರವದವರೆಗೆ

ನಮ್ಮ ಕಾಸರಗೋಡಿನ ಕಡೆ ದೋಸೆ ಹೊಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ನೋಡುವುದು ವಾಡಿಕೆ. ಕಾವಲಿ ಹದವಾಗಿ ಕಾದಿದ್ದರೆ ಹನಿ 'ಚುಂಯ್' ಎಂದು ಆರಿಹೋಗುತ್ತದೆ. ವಿಪರೀತ ಕಾದಿದ್ದರೆ ಅದೇ ಹನಿ ಆರದೆ ಪಾದರಸದ ಗುಂಡಿನಂತೆ ಓಡಾಡುತ್ತದೆ. ಬಿಸಿ ಹೆಚ್ಚಿದರೆ ನೀರು ಬೇಗ ಆರಬೇಕಲ್ಲವೇ, ತಡವಾಗುವುದೇಕೆ? ತರಗತಿಯಲ್ಲಿ ಹೀಗೆ ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಪ್ರಶ್ನೆಯ ಬೆನ್ನು ಹತ್ತಿದರೆ ಇನ್ನೂರೈವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ.

1756ರಲ್ಲಿ ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ ಕೆಂಪಗೆ ಕಾಯಿಸಿದ ಕಬ್ಬಿಣದ ಸೌಟಿಗೆ ನೀರಿನ ಹನಿ ಬಿಟ್ಟು ನೋಡಿದ ಸಂಗತಿಯನ್ನು ಬರೆದಿಟ್ಟ. ಹನಿಯ ಅಡಿಯಲ್ಲಿ ಆವಿಯದೇ ಒಂದು ಪದರ ಹುಟ್ಟಿ, ನೀರನ್ನು ಲೋಹದಿಂದ ಮೇಲಕ್ಕೆತ್ತಿ ಹಿಡಿಯುತ್ತದೆ. ಆವಿಯ ಮೂಲಕ ಶಾಖ ಸುಲಭವಾಗಿ ಹರಿಯುವುದಿಲ್ಲ. ಆದ್ದರಿಂದಲೇ ಹನಿ ಬಾಳುತ್ತದೆ.

ಈ ವಿಷಯವನ್ನು ಅಳತೆಗೆ ತಂದವರು ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಶಿರೋ ನುಕಿಯಾಮಾ. ನೀರಿನಲ್ಲಿ ಮುಳುಗಿಸಿದ ತೆಳು ತಂತಿಗೆ ವಿದ್ಯುತ್ ಹರಿಸಿ, ಎಷ್ಟು ಬಿಸಿಗೆ ಎಷ್ಟು ಶಾಖ ನೀರಿಗೆ ಹೋಗುತ್ತದೆಂದು ಅವರು ಲೆಕ್ಕ ಹಾಕಿದರು. ಗುಳ್ಳೆಗಳು ಹೆಚ್ಚಿದಷ್ಟೂ ಶಾಖ ಹೆಚ್ಚು ಹೋಗುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ದಾಟಿದರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ತಂತಿಗೆ ಆವಿಯ ಹೊದಿಕೆ ಹಾಕುತ್ತವೆ, ತಂತಿ ಕರಗಿಯೇ ಹೋಗಬಹುದು! 1934ರ ಈ ಪ್ರಬಂಧವನ್ನು ಅವರು ಬರೆದದ್ದು ಜಪಾನೀ ಭಾಷೆಯಲ್ಲಿ. ಅದರ ಇಂಗ್ಲಿಷ್ ಅನುವಾದ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದದ್ದು 1966ರಲ್ಲಿ, ಅಂದರೆ 32 ವರ್ಷಗಳ ಬಳಿಕ.

ಮುಂದೆ ಕಂಪ್ಯೂಟರ್ ಚಿಪ್‌ಗಳ ಕಾಲ ಬಂತು. ಬೆರಳುಗುರಿನಷ್ಟು ಜಾಗದಿಂದ ಭಾರೀ ಶಾಖವನ್ನು ಹೊರಹಾಕಬೇಕಾಯಿತು. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್ ಸಿಲಿಕಾನ್ ಬಿಲ್ಲೆಯಲ್ಲಿ ಸುಮಾರು 50 ಮೈಕ್ರೋಮೀಟರ್ ಅಗಲದ, ಕೂದಲೆಳೆಯಂಥ ಸಪೂರ ನಾಳಗಳನ್ನು ಕೊರೆದು ನೀರು ಹರಿಸಿದರು. ಒಂದು ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಶಾಖ ಹೊರಬಂತು! ಅಲ್ಲಿ ನೀರು ಕುದಿಯುತ್ತಿರಲಿಲ್ಲ. ಒಂದು ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು, ಅದನ್ನು ಆವಿಯಾಗಿಸಲು ಸುಮಾರು 540 ಬೇಕೆಂದು ನಾವು ಪಾಠದಲ್ಲಿ ಹೇಳುತ್ತೇವಲ್ಲ. ಹಾಗಾದರೆ ನಾಳದಲ್ಲೇ ಕುದಿಸಿದರೆ ಲಾಭ ಇನ್ನೂ ಹೆಚ್ಚಲ್ಲವೇ?

ಇನ್ನೊಂದು ದಾರಿ, ನೀರಿಗೇ ಏನಾದರೂ ಬೆರೆಸುವುದು. ದ್ರವದಲ್ಲಿ ಘನ ಕಣಗಳು ತೇಲುತ್ತಿದ್ದರೆ ವಾಹಕತೆ ಎಷ್ಟು ಬದಲಾದೀತೆಂಬ ಲೆಕ್ಕದ ದಾರಿಯನ್ನು ಮ್ಯಾಕ್ಸ್‌ವೆಲ್ 1873ರಲ್ಲೇ ತೋರಿಸಿದ್ದ. ಆದರೆ ದೊಡ್ಡ ಕಣಗಳು ತಳಕ್ಕೆ ಕೂರುತ್ತವೆ, ನಾಳವನ್ನು ಕಟ್ಟಿಸುತ್ತವೆ. 1993ರಲ್ಲಿ ಜಪಾನಿನ ಮಸುದಾ ಮತ್ತು ಸಂಗಡಿಗರು ಅತಿ ಸೂಕ್ಷ್ಮ ಕಣಗಳನ್ನು ನೀರಿಗೆ ಬೆರೆಸಿ ಅಳೆದರು (ಅದೂ ಜಪಾನೀ ಭಾಷೆಯ ಪ್ರಬಂಧವೇ). 1995ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ ಇಂಥವಕ್ಕೆ 'ನ್ಯಾನೋ ದ್ರವ' ಎಂದು ಹೆಸರಿಟ್ಟರು. ಪವಾಡವೇ ಸಿಕ್ಕಿತೆಂದು ಹಲವರು ಸಂಭ್ರಮಿಸಿದರು.

ಕುದಿಸಿ ನೋಡಿದಾಗ ಕತೆ ತಿರುಗಿತು. 2003ರಲ್ಲಿ ಚೆನ್ನೈನ ಐಐಟಿ ಮದ್ರಾಸಿನ ಸರಿತ್ ಕುಮಾರ್ ದಾಸ್ ಮತ್ತು ಸಹೋದ್ಯೋಗಿಗಳು ಅಲ್ಯುಮಿನಾ ಕಣ ಬೆರೆಸಿದ ನೀರು ಬರಿಯ ನೀರಿಗಿಂತ ಕಳಪೆಯಾಗಿ ಕುದಿಯುತ್ತದೆಂದು ಕಂಡರು. 4 ಮತ್ತು 6.5 ಮಿಲಿಮೀಟರ್ ವ್ಯಾಸದ ಸಪೂರ ಕೊಳವೆಗಳ ಹೊರಮೈಯಲ್ಲಿ ಈ ಹಿನ್ನಡೆ ಸ್ವಲ್ಪ ಕಡಿಮೆ, ಅಷ್ಟೆ. ಅದೇ ವರ್ಷ ಟೆಕ್ಸಾಸಿನ ಸಂಶೋಧಕರು ನುಕಿಯಾಮಾ ಹೇಳಿದ ಆ ಮಿತಿ ಇಂಥ ದ್ರವದಲ್ಲಿ ಸುಮಾರು ಮೂರು ಪಟ್ಟಿಗೆ ಏರುತ್ತದೆಂದು ವರದಿ ಮಾಡಿದರು. ಯಾರು ಸರಿ? ಇಬ್ಬರೂ ಸರಿ! ಕುದಿಯುವಾಗ ಕಣಗಳು ಲೋಹದ ಮೇಲೆ ಪದರವಾಗಿ ಕೂರುತ್ತವೆ. ಗುಳ್ಳೆ ಹುಟ್ಟುವ ಸಣ್ಣ ಗುಳಿಗಳು ಅದರಿಂದ ತುಂಬಿಹೋದರೆ ಕುದಿತ ಮಂದವಾಗುತ್ತದೆ. ಅದೇ ಪದರ ರಂಧ್ರಮಯವಾಗಿ ನೀರನ್ನು ಹೀರಿಕೊಳ್ಳುವುದರಿಂದ ಲೋಹ ಬೇಗ ಒಣಗುವುದಿಲ್ಲ, ಮಿತಿ ಮೇಲೇರುತ್ತದೆ. ಎಂಐಟಿಯ ತಂಡ 2006-07ರಲ್ಲಿ ಇದನ್ನು ತೋರಿಸಿಕೊಟ್ಟಿತು.

ಹಾಗಾದರೆ ಕೂದಲೆಳೆಯಂಥ ನಾಳದೊಳಗೆ? ಪರ್ಡ್ಯೂ ವಿಶ್ವವಿದ್ಯಾಲಯದ ಲೀ ಮತ್ತು ಮುದಾವರ್ 2007ರಲ್ಲಿ ಉತ್ತರಿಸಿದರು. ಕುದಿತ ಶುರುವಾದೊಡನೆ ನೀರು ಆವಿಯಾಗಿ, ಕಣಗಳು ನಾಳದ ಕೊನೆಯ ಬಳಿ ಗುಂಪುಗಟ್ಟಿ ನಿಂತು ತಂಪುಗೊಳಿಸುವ ವ್ಯವಸ್ಥೆಯೇ ಕೆಟ್ಟಿತು. ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು ನೆನಪಿಸಿಕೊಳ್ಳಿ! 2009ರಲ್ಲಿ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ನ್ಯಾನೋ ದ್ರವಗಳನ್ನು ಅಳೆದು ಹೋಲಿಸಿದಾಗ, ವಾಹಕತೆಯ ಏರಿಕೆಯಲ್ಲಿ ಪವಾಡವೇನೂ ಇರಲಿಲ್ಲ. ಮ್ಯಾಕ್ಸ್‌ವೆಲ್ಲನ ದಾರಿಯಲ್ಲಿ ಬೆಳೆದ ಲೆಕ್ಕಕ್ಕೇ ಅದು ಹೊಂದಿಕೆಯಾಯಿತು.

ಸೋತ ಪ್ರಯೋಗವನ್ನೂ ಮುಚ್ಚಿಡದೆ ಬರೆದಿಟ್ಟದ್ದರಿಂದಲೇ ಈ ಚರಿತ್ರೆ ಇಷ್ಟು ದೂರ ಬಂದಿದೆ. ನಮ್ಮ ಮಕ್ಕಳ ಪ್ರಯೋಗ ಪುಸ್ತಕಗಳಲ್ಲಿ ಉತ್ತರ 'ಸರಿಯಾಗಿ' ಬರಲೆಂದು ಅಂಕಿ ತಿದ್ದುವ ಅಭ್ಯಾಸವನ್ನು ಕಂಡಾಗಲೆಲ್ಲ ನಮಗೆ ಇದು ನೆನಪಾಗುತ್ತದೆ. ಇನ್ನೊಂದು ಮಾತು. ಕನ್ನಡದಲ್ಲಿ ವಿಜ್ಞಾನ ಕಲಿತು ಏನು ಸಾಧಿಸಿಯಾರು ಎಂದು ಹೆತ್ತವರು ಕೇಳಿದಾಗ ನಾವು ವಾದಕ್ಕೆ ಇಳಿಯುವುದಿಲ್ಲ. ಸೆಂಡೈಯ ಆ ತಂತಿಯ ಕತೆ ಹೇಳುತ್ತೇವೆ. ನಾಳೆ ಬೆಳಗ್ಗೆ ದೋಸೆ ಹೊಯ್ಯುವಾಗ ನೀವೂ ಒಂದು ಹನಿ ಚಿಮುಕಿಸಿ ನೋಡಿ.