ಉಪದ್ರವಕಾಲದ ಭರವಸೆ: ಮೂವತ್ತು ವರ್ಷಗಳ ಯುದ್ಧವೂ ಕ್ರೈಸ್ತಭಕ್ತಿಯ ಪುನರುಜ್ಜೀವನವೂ

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನರಿಯದ ಕನ್ನಡಿಗನಿಲ್ಲ. ಕಷ್ಟಕಾಲವು ಮನುಷ್ಯನನ್ನು ದೇವರತ್ತ ತಿರುಗಿಸುವುದೆಂಬುದು ಇದರ ತಾತ್ಪರ್ಯ. ಆದರೆ ವರ್ಷಗಟ್ಟಲೆ ಚರಿತ್ರೆಯ ಪಾಠ ಹೇಳಿದ ನಮಗೆ ಈ ಮಾತು ಅರ್ಧಸತ್ಯವಾಗಿ ತೋರುತ್ತದೆ. ಸಂಕಟವು ಕೆಲವರನ್ನು ದೇವರ ಬಳಿಗೆ ಒಯ್ಯುವಂತೆಯೇ ಹಲವರನ್ನು ಕ್ರೌರ್ಯದ ಬಳಿಗೂ ಒಯ್ದಿದೆ. ಹಾಗಾದರೆ ಧರ್ಮದ ಪುನರುಜ್ಜೀವನಕ್ಕೆ ಕಾರಣವಾದುದು ಯಾವುದು? ಈ ಪ್ರಶ್ನೆಯನ್ನು ಹದಿನೇಳನೆಯ ಶತಮಾನದ ಜರ್ಮನಿಯ ಕ್ರೈಸ್ತ ಸಮಾಜದ ಇತಿಹಾಸವನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಬಯಸುತ್ತೇವೆ. ಆ ಇತಿಹಾಸದ ಒಂದು ಎಳೆ ನಮ್ಮ ಕನ್ನಡನಾಡಿನವರೆಗೂ ಬಂದಿದೆಯೆಂಬುದನ್ನು ವಾಚಕರು ಮುಂದೆ ಕಾಣುವರು.

1618ರಲ್ಲಿ ಆರಂಭವಾಗಿ 1648ರಲ್ಲಿ ವೆಸ್ಟ್‌ಫಾಲಿಯಾದ ಒಪ್ಪಂದದಿಂದ ಮುಗಿದ ಮೂವತ್ತು ವರ್ಷಗಳ ಯುದ್ಧವು ಜರ್ಮನಿಯನ್ನು ಹಾಳುಗೆಡವಿತು. ಕತ್ತಿಗಿಂತ ಹೆಚ್ಚು ಜನರನ್ನು ಕೊಂದುದು ಪ್ಲೇಗು ಮತ್ತು ಬರಗಾಲ. ಜನಸಂಖ್ಯೆಯ ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ನಾಶವಾಯಿತೆಂದು ವಿದ್ವಾಂಸರ ಅಂದಾಜು. ಕ್ರಿಸ್ತನ ಹೆಸರನ್ನೇ ಹೇಳುತ್ತಿದ್ದ ಎರಡು ಪಂಗಡಗಳು, ಕಥೋಲಿಕರೂ ಪ್ರಾಟೆಸ್ಟಂಟರೂ, ಇಲ್ಲಿ ಎದುರುಬದುರಾಗಿ ನಿಂತಿದ್ದರು. ಅರಸರ ರಾಜ್ಯಲೋಭವು ಆ ಬೆಂಕಿಗೆ ತುಪ್ಪ ಸುರಿಯಿತು.

ಈ ಸಂಕಟದ ಮೊದಲ ಫಲ ಭಕ್ತಿಯಲ್ಲ, ಭಯ. ಬೆಳೆ ಕೆಟ್ಟರೆ, ಮಕ್ಕಳು ಸತ್ತರೆ ಯಾರೋ ಮಾಟ ಮಾಡಿದರೆಂಬ ಶಂಕೆ ಹಬ್ಬಿತು. 1626ರಿಂದ 1631ರವರೆಗೆ ಬಾಂಬರ್ಗ್, ವ್ಯೂರ್ಟ್ಸ್‌ಬುರ್ಗ್ ಪ್ರಾಂತಗಳಲ್ಲಿ ನೂರಾರು ಜನರನ್ನು ಮಾಟಗಾತಿಯರೆಂದು, ಮಾಟಗಾರರೆಂದು ಸುಟ್ಟರು. ಆಗ ಫ್ರೀಡ್ರಿಖ್ ಸ್ಪೇ ಎಂಬ ಯೇಸುಸಭೆಯ ಪಾದ್ರಿಯು 1631ರಲ್ಲಿ ತನ್ನ ಹೆಸರನ್ನು ಹಾಕದೆ ಲತೀನ್ ಭಾಷೆಯ ಗ್ರಂಥವೊಂದನ್ನು ಪ್ರಕಟಿಸಿದನು. ಚಿತ್ರಹಿಂಸೆಯಿಂದ ಹೊರಡಿಸಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ, ಆ ಹಿಂಸೆಗೆ ಗುರಿಮಾಡಿದರೆ ಯಾರು ಬೇಕಾದರೂ ಒಪ್ಪಿಕೊಳ್ಳುವರು ಎಂಬುದು ಅವನ ವಾದದ ತಿರುಳು. ಇದೇ ಸ್ಪೇ ಒಳ್ಳೆಯ ಭಕ್ತಿಗೀತಕಾರನೂ ಹೌದು. 1635ರಲ್ಲಿ ಟ್ರಿಯರ್ ನಗರದಲ್ಲಿ ರೋಗಪೀಡಿತ ಸೈನಿಕರ ಶುಶ್ರೂಷೆ ಮಾಡುತ್ತಿರುವಾಗ ಅದೇ ರೋಗ ತಗಲಿ ತೀರಿಕೊಂಡನು. ಹಾಡಿದ ಬಾಯಿ ಅನ್ಯಾಯದ ಎದುರು ಮುಚ್ಚಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಪ್ರಾಟೆಸ್ಟಂಟರ ಪಕ್ಷದಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲತಕ್ಕವನು ಮಾರ್ಟಿನ್ ರಿಂಕಾರ್ಟ್. ಸಾಕ್ಸನಿಯ ಐಲೆನ್‌ಬುರ್ಗ್ ಅವನ ಹುಟ್ಟೂರು. 1617ರಿಂದ 1649ರಲ್ಲಿ ಸಾಯುವವರೆಗೂ ಅಲ್ಲಿಯೇ ಪಾದ್ರಿಯಾಗಿದ್ದನು. ಕೋಟೆಯಿದ್ದ ಊರಾದುದರಿಂದ ಸುತ್ತಣ ಹಳ್ಳಿಗಳ ನಿರಾಶ್ರಿತರೆಲ್ಲರೂ ಅಲ್ಲಿಗೆ ಬಂದು ತುಂಬಿಕೊಂಡರು. ಅವರ ಹಿಂದೆಯೇ ಪ್ಲೇಗು ಬಂದಿತು. 1637ರಲ್ಲಿ ಊರಿನ ಹಿರಿಯ ಪಾದ್ರಿ ಊರು ಬಿಟ್ಟು ಹೋದನು; ಬೇರಿಬ್ಬರು ಪಾದ್ರಿಗಳು ರೋಗಕ್ಕೆ ಬಲಿಯಾದರು. ಉಳಿದವನು ರಿಂಕಾರ್ಟನೊಬ್ಬನೇ. ದಿನವೊಂದಕ್ಕೆ ನಲವತ್ತು ಐವತ್ತು ಶವಗಳಿಗೆ ಅವನು ಅಂತ್ಯಪ್ರಾರ್ಥನೆ ಹೇಳಬೇಕಾಯಿತು. ಆ ವರ್ಷ ಅವನು ಮಣ್ಣುಮಾಡಿದವರ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿತು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಪ್ಲೇಗಿನ ಬೆನ್ನಿಗೆ ಬರ ಬಂದಿತು. ಅವನು ತನ್ನ ಮನೆಯಲ್ಲಿದ್ದುದನ್ನೆಲ್ಲ ಹಂಚಿದನು. 1639ರಲ್ಲಿ ಸ್ವೀಡಿಷ್ ಸೇನೆ ಮೂವತ್ತು ಸಾವಿರ ಟಾಲರ್ ದಂಡ ಕೇಳಿದಾಗ ಜನರ ಪರವಾಗಿ ಅವನೇ ಹೋಗಿ ಬೇಡಿ ಆ ಮೊತ್ತವನ್ನು ಬಹಳವಾಗಿ ಇಳಿಸಿದನು.

ಈ ರಿಂಕಾರ್ಟನು ರಚಿಸಿದ ಕೃತಜ್ಞತಾಗೀತವೊಂದು ಇಂದಿಗೂ ಲೋಕದ ಅನೇಕ ಭಾಷೆಗಳ ಇಗರ್ಜಿಗಳಲ್ಲಿ ಹಾಡಲ್ಪಡುತ್ತಿದೆ. 1648ರ ಶಾಂತಿಯ ಸಂತೋಷದಲ್ಲಿ ಅವನು ಅದನ್ನು ಬರೆದನೆಂಬುದು ಬಹುಕಾಲದ ಪ್ರತೀತಿ. ಆದರೆ ಬರ್ಲಿನಿನ ಗಾಯಕಗುರು ಯೋಹಾನ್ ಕ್ರ್ಯೂಗರನು ಅದನ್ನು 1647ರಲ್ಲೇ ರಾಗಸಹಿತವಾಗಿ ಅಚ್ಚುಹಾಕಿಸಿದ್ದನು. ಆದುದರಿಂದ ಆ ಪ್ರತೀತಿ ನಿಲ್ಲದು. ಹಾಡಿನ ರಚನೆ 1636ರ ಸುಮಾರಿನದೆಂದೂ ಊಟದ ವೇಳೆಯ ಪ್ರಾರ್ಥನೆಯಾಗಿ ಅದು ಹುಟ್ಟಿತೆಂದೂ ಪಂಡಿತರ ಅಭಿಪ್ರಾಯ. ತೇದಿಯ ಈ ತಿದ್ದುಪಡಿ ಸಣ್ಣದಲ್ಲ. ಶಾಂತಿ ಬಂದ ಮೇಲೆ ವಂದಿಸುವುದು ಯಾರಿಗೂ ಸಾಧ್ಯ. ಯುದ್ಧ ನಡೆದಿರುವಾಗಲೇ, ಪಾತ್ರೆಯ ತಳ ಕಾಣುತ್ತಿರುವಾಗಲೇ ಊಟದ ಮುಂದೆ ಕುಳಿತು ವಂದಿಸುವುದು ಬೇರೆಯ ಮಾತು. ಭರವಸೆಯೆಂದರೆ ಈ ಎರಡನೆಯದು.

ಪೌಲ್ ಗೆರ್ಹಾರ್ಟನ ಬಾಳೂ ಇದೇ ಬಗೆಯದು. ಅವನ ಹುಟ್ಟೂರನ್ನು 1637ರಲ್ಲಿ ಸ್ವೀಡರು ಸುಟ್ಟರು. ಐದು ಮಕ್ಕಳಲ್ಲಿ ನಾಲ್ವರು ಎಳೆತನದಲ್ಲೇ ತೀರಿದರು. ಅರಸನ ಆಜ್ಞಾಪತ್ರಕ್ಕೆ ಮನಸ್ಸಾಕ್ಷಿ ಒಪ್ಪದೆ ಸಹಿ ಹಾಕದ್ದರಿಂದ 1666ರಲ್ಲಿ ಬರ್ಲಿನಿನ ಪಾದ್ರಿಯ ಹುದ್ದೆ ಹೋಯಿತು. ಜರ್ಮನ್ ಭಾಷೆಯ ಅತ್ಯುತ್ತಮ ಭಕ್ತಿಗೀತಗಳು ಈ ಮನುಷ್ಯನವು.

ಯುದ್ಧಾನಂತರ ಉಳಿದ ಒಣ ಮತವಾದಕ್ಕೆ ಬೇಸತ್ತು ಫಿಲಿಪ್ ಸ್ಪೇನರನು 1675ರಲ್ಲಿ ಸಭೆಯ ಸುಧಾರಣೆಗಾಗಿ ಕಿರುಹೊತ್ತಗೆಯೊಂದನ್ನು ಬರೆದನು. ವಾದಕ್ಕಿಂತ ಬಾಳುವೆ ಮುಖ್ಯ, ವೇದಪಠನ ಎಲ್ಲರ ಹಕ್ಕು ಎಂದು ಸಾರಿದ ಈ ಚಳವಳಿಗೆ ಪಯೆಟಿಸಂ ಎಂದು ಹೆಸರು. ಅದರ ಕರ್ಮವೀರ ಆಗಸ್ಟ್ ಹೆರ್ಮನ್ ಫ್ರಾಂಕೆ. 1682ರ ಪ್ಲೇಗಿನಿಂದ ಬರಿದಾಗಿದ್ದ, ಹಾಲೆ ನಗರದ ಹೊರಗಣ ಗ್ಲೌಖಾ ಎಂಬಲ್ಲಿ ಇವನು ಪಾದ್ರಿ. 1695ರಲ್ಲಿ ತನ್ನ ಮನೆಯ ಕಾಣಿಕೆಡಬ್ಬಿಯಲ್ಲಿ ನಾಲ್ಕು ಟಾಲರ್ ಹದಿನಾರು ಗ್ರೋಷನ್ ಕಂಡು, ಇಷ್ಟು ಬಂಡವಾಳದಲ್ಲಿ ಬಡಮಕ್ಕಳ ಶಾಲೆ ತೆರೆಯುವೆನೆಂದು ಹೊರಟನು. ಇಪ್ಪತ್ತೇಳು ಪುಸ್ತಕಗಳನ್ನು ಹಂಚಿದರೆ ಹಿಂದಿರುಗಿ ಬಂದುವು ನಾಲ್ಕೇ! ಇನ್ನೊಬ್ಬನಾಗಿದ್ದರೆ ಶಾಲೆ ಮುಚ್ಚುತ್ತಿದ್ದನು. ಇವನು ಮತ್ತೆ ಪುಸ್ತಕ ಕೊಂಡನು. 1727ರಲ್ಲಿ ಅವನು ತೀರಿಕೊಂಡಾಗ ಆ ಶಾಲೆಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳಿದ್ದರು. ಮಕ್ಕಳಿಗೆ ಆಟವನ್ನೇ ನಿಷೇಧಿಸಿದ ಅವನ ಕಟ್ಟುನಿಟ್ಟನ್ನು ಉಪಾಧ್ಯಾಯರಾದ ನಾವು ಮೆಚ್ಚಲಾರೆವು. ಆದರೆ ಅವನ ತಾಳ್ಮೆಗೆ ತಲೆಬಾಗುತ್ತೇವೆ.

ಹಾಲೆಯಿಂದ ಹೊರಟ ಎಳೆ ಈಗ ನಮ್ಮ ಕಡೆಗೆ ಬರುತ್ತದೆ. ಅಲ್ಲಿ ಕಲಿತ ತ್ಸೀಗೆನ್‌ಬಾಲ್ಗನು 1706ರಲ್ಲಿ ತರಂಗಂಬಾಡಿಗೆ ಬಂದನು. ಅದೇ ಭಕ್ತಿಪಂಥದ ಜನರು ನೆಪೋಲಿಯನ್ನನ ಯುದ್ಧಗಳ ಕಡೆಯ ವರ್ಷವಾದ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಮಿಶನನ್ನು ಸ್ಥಾಪಿಸಿದರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು; ಇಂದಿನ ಕಾಸರಗೋಡು ಪ್ರದೇಶವೂ ಆಗ ಆ ಕೆನರಾ ಜಿಲ್ಲೆಯದೇ. 1843ರ ‘ಮಂಗಳೂರು ಸಮಾಚಾರ’, 1894ರ ಕಿಟ್ಟೆಲ್ ಕೋಶ, ನೀಲಗಿರಿಯ ಕೇತಿಯಲ್ಲಿ 1846ರಲ್ಲಿ ತೊಡಗಿದ ಕೆಲಸ, ಇವೆಲ್ಲ ಆ ಬೇರಿನ ಚಿಗುರುಗಳೇ. ಜರ್ಮನ್ ರಾಗಗಳು ಕನ್ನಡ ಮಾತುಗಳನ್ನು ತೊಟ್ಟು ಇಲ್ಲಿಯ ದೇವಾಲಯಗಳಲ್ಲಿ ಕೇಳಿಬಂದುವು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟಾಗ ಸಭೆ ಶಾಲೆಗಳ ಭಾರ ಬಹುಮಟ್ಟಿಗೆ ಇಲ್ಲಿಯ ಉಪದೇಶಿಗಳ, ಉಪಾಧ್ಯಾಯರ ಹೆಗಲಿಗೇ ಬಿದ್ದಿತು. ಕಲಿಸಿದವರು ಹೋದರೂ ಹಾಡು ನಿಲ್ಲಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದೇ ಸಂಕಟವು ಒಂದು ಊರಿನಲ್ಲಿ ಚಿತೆ ಹೊತ್ತಿಸಿತು, ಇನ್ನೊಂದು ಊರಿನಲ್ಲಿ ಹಾಡು ಹುಟ್ಟಿಸಿತು. ಆದುದರಿಂದ ಪುನರುಜ್ಜೀವನವು ಸಂಕಟದ ಫಲವಲ್ಲ. ಸಂಕಟದಲ್ಲಿ ತನ್ನ ಸ್ಥಾನ ಬಿಡದೆ ನಿಂತವರ ಫಲ. ಸ್ಪೇ ಸತ್ಯವನ್ನು ಬಿಡಲಿಲ್ಲ, ರಿಂಕಾರ್ಟ್ ಊರನ್ನು ಬಿಡಲಿಲ್ಲ, ಫ್ರಾಂಕೆ ಮಕ್ಕಳನ್ನು ಬಿಡಲಿಲ್ಲ. ಅವರ ವಿಶ್ವಾಸ ಕ್ರಿಸ್ತನಲ್ಲಿ. ನಮ್ಮ ವಾಚಕರಲ್ಲಿ ಅನೇಕರ ವಿಶ್ವಾಸ ಬೇರೆಡೆ ಇರಬಹುದು. ಆದರೆ ಗಡಿನಾಡಿನ ಶಾಲೆಗಳಲ್ಲಿ ಕನ್ನಡ ತರಗತಿಯ ಹಾಜರಿಪಟ್ಟಿ ವರ್ಷವರ್ಷಕ್ಕೆ ಕುಗ್ಗುವುದನ್ನು ಕಂಡು ಮನಗುಂದಿದ ದಿನಗಳನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಂಥ ದಿನ ನಾವು ನೆನೆಯುವುದು ಹಿಂದಿರುಗಿದ ಆ ನಾಲ್ಕು ಪುಸ್ತಕಗಳನ್ನು. ಮರುದಿನ ಗಂಟೆ ಬಾರಿಸಿದಾಗ ನಾಲ್ಕು ಮಕ್ಕಳೇ ಬಂದರೂ ನಾವು ಕರಿಹಲಗೆಯ ಮುಂದೆ ನಿಲ್ಲುತ್ತೇವೆ.